ಗೆಳೆಯನ ಜೊತೆ ಪರದೇಶ: ಇಂಡಿಯಲ್ಲೇ ಕುಳಿತು ಹಾಕಬೇಕಾದ ಲೆಕ್ಕ

ನಮ್ಮ ಇಂಡಿಯ ಲಿಂಬೆ ನಮಗಿಂತ ಮೊದಲು ಪರದೇಶ ಕಂಡಿದೆ. ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆ 2025ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಕ್ಕೆ ರಫ್ತಾಯಿತು. ಅದೇ ವರ್ಷ ಬ್ರಿಟನ್ನಿಗೂ ಹೋಯಿತು. ಕರಿ ಮಣ್ಣಿನಲ್ಲಿ ಅದನ್ನು ಬೆಳೆದವರು ಮಾತ್ರ ಇನ್ನೂ ವಿಜಯಪುರ, ಸೊಲ್ಲಾಪುರ, ಹೆಚ್ಚೆಂದರೆ ಮುಂಬೈಯವರೆಗೆ ಹೋಗಿ ಬಂದವರು. ಸಂಜೆ ಚಹಾದಂಗಡಿಯ ಮುಂದೆ ಕುಳಿತಾಗ ಇಬ್ಬರು ಗೆಳೆಯರಲ್ಲಿ ಒಬ್ಬ ನಗುತ್ತ ಹೇಳುತ್ತಾನೆ: "ಲಿಂಬಿಕಾಯಿ ದುಬೈಗೆ ಹೋಗ್ಯಾವ, ನಾವ್ಯಾಕ ಹೋಗಬಾರ್ದು?"

ಕೇಳಿದರೆ ತಪ್ಪೇನೂ ಇಲ್ಲ. ಹೋಗಬಹುದು. ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಮಧ್ಯಮ ವರ್ಗದವರಿಗೂ ಒಂದು ವಾರದ ಪರದೇಶ ಪ್ರವಾಸ ಕೈಗೆಟುಕದ ಮಾತಲ್ಲ. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ರೊಕ್ಕದ್ದೇನ್ ದೋಸ್ತ, ಆಮ್ಯಾಲ ನೋಡೂಣು ನಡಿ." ಗೆಳೆತನದ ಪ್ರೀತಿಯಿಂದ ಬರುವ ಮಾತೇ ಅದು. ಆದರೂ ಪ್ರವಾಸಕ್ಕೂ ಗೆಳೆತನಕ್ಕೂ ಅದರಷ್ಟು ಅಪಾಯಕಾರಿ ಮಾತು ಇನ್ನೊಂದಿಲ್ಲ. ಜೊತೆಯಾಗಿ ಹೋದವರು ಬೇರೆ ಬೇರೆಯಾಗಿ ಮನೆಗೆ ಬಂದದ್ದನ್ನು ನೀವೂ ಕಂಡಿರಬಹುದು. ವಿಮಾನ ತಡವಾದದ್ದಕ್ಕೋ ಹೋಟೆಲ್ ಸರಿ ಇಲ್ಲದ್ದಕ್ಕೋ ಅವರ ಮನಸ್ಸು ಮುರಿದಿರುವುದಿಲ್ಲ. ಯಾರು ಎಷ್ಟು ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲಾಗದೆ, ಮನಸ್ಸಿನಲ್ಲೇ ಲೆಕ್ಕ ಹಾಕಿ ಹಾಕಿ ಮುರಿದಿರುತ್ತದೆ.

ಗೆಳೆತನದ ವಿಷಯದಲ್ಲಿ ನಮ್ಮ ನೆಲಕ್ಕೆ ಒಳ್ಳೆಯ ಹೆಸರಿದೆ. ಹಳೆಯ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದವರು ಕೂಡಿ ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿದರು. ಕನ್ನಡ ಸಾಹಿತ್ಯ ಅವರನ್ನು ಇಂದಿಗೂ 'ಹಲಸಂಗಿ ಗೆಳೆಯರು' ಎಂದೇ ಕರೆಯುತ್ತದೆ. ಜಾತಿ ಧರ್ಮ ನೋಡದೆ ಗೆಳೆತನ ಮಾಡುವುದು ನಮ್ಮ ಭಾಗಕ್ಕೆ ಹೊಸತಲ್ಲ. ಅಂಥ ಗೆಳೆತನವನ್ನು ಒಂದು ವಾರದ ಪ್ರವಾಸಕ್ಕೆ ಬಲಿ ಕೊಡಬಾರದು.

ಹಝ್ರತ್ ಉಮರ್(ರ)ರ ಕುರಿತು ಒಂದು ಪ್ರಸಿದ್ಧ ವೃತ್ತಾಂತವಿದೆ. ಒಬ್ಬಾತ ಇನ್ನೊಬ್ಬನನ್ನು 'ಒಳ್ಳೆಯವನು' ಎಂದು ಹೊಗಳಿದಾಗ ಅವರು ವಿಚಾರಿಸಿದ್ದು ಇಷ್ಟೇ: ನೀನು ಅವನ ನೆರೆಯಲ್ಲಿ ಇದ್ದೀಯಾ? ಅವನ ಜೊತೆ ಪ್ರಯಾಣ ಮಾಡಿದ್ದೀಯಾ? ಅವನೊಂದಿಗೆ ಹಣದ ವ್ಯವಹಾರ ಮಾಡಿದ್ದೀಯಾ? ಗೆಳೆಯನ ಜೊತೆ ಪರದೇಶಕ್ಕೆ ಹೊರಟಾಗ ಈ ಮೂರೂ ಪರೀಕ್ಷೆಗಳು ಒಟ್ಟಿಗೇ ಬಂದುಬಿಡುತ್ತವೆ. ಒಂದೇ ಕೋಣೆಯ ನೆರೆ, ಒಂದೇ ದಾರಿ, ಒಂದೇ ಖರ್ಚು. ಪರೀಕ್ಷೆಗೆ ಓದಿಕೊಂಡು ಹೋಗುವುದು ಜಾಣತನವಲ್ಲವೇ?

ಸಣ್ಣ ಜೇಬೇ ಅಳತೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಬ್ಬರು ಬಾಲ್ಯದ ಗೆಳೆಯರು. ಒಬ್ಬನದು ಎಂಟು ಎಕರೆ ಲಿಂಬೆ ತೋಟ. ಅವನು ಲಿಂಗಾಯತರ ಮನೆಯವನು. ಇನ್ನೊಬ್ಬನದು ಬಸ್ ನಿಲ್ದಾಣದ ಹತ್ತಿರ ಪಂಪ್‌ಸೆಟ್ ರಿಪೇರಿಯ ಅಂಗಡಿ. ಅವನು ನಮ್ಮವನು. ಬೇಸಿಗೆಯಲ್ಲಿ ಲಿಂಬೆಗೆ ಬೆಲೆ ಬಂದ ವರ್ಷ ತೋಟದವನ ಕೈಯಲ್ಲಿ ರೊಕ್ಕ ಓಡಾಡುತ್ತದೆ. ಅಂಗಡಿಯವನದು ದಿನದ ಗಳಿಕೆ. ಮಗಳ ಕಾಲೇಜು ಫೀ, ಅಂಗಡಿ ಬಾಡಿಗೆ ಕಳೆದು ಉಳಿದದ್ದೇ ಅವನದು.

ಇವರಿಬ್ಬರೂ ಮೊದಲು ಕೂತು ಮಾತಾಡಬೇಕಾದದ್ದು ಯಾವ ದೇಶ, ಯಾವ ಹೋಟೆಲ್ ಎಂದಲ್ಲ. "ನನ್ನ ಕಡೆಯಿಂದ ಇಷ್ಟೇ ಆಗೂದು, ಇದಕ್ಕಿಂತ ಒಂದು ರೂಪಾಯಿ ಮ್ಯಾಲ ಆಗೂದಿಲ್ಲ" ಎಂದು ಇಬ್ಬರೂ ಒಂದೊಂದು ಅಂಕಿ ಹೇಳಬೇಕು. ನಾಚಿಕೆಯಾದರೆ ಬೇರೆ ಬೇರೆ ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚಿ ನೋಡಬಹುದು. ಎರಡರಲ್ಲಿ ಯಾವುದು ಸಣ್ಣದೋ ಅದೇ ಪ್ರವಾಸದ ಅಳತೆ. ದೊಡ್ಡ ಜೇಬಿನವನು ಸಣ್ಣ ಜೇಬಿಗೆ ಇಳಿಯಬಹುದು. ಸಣ್ಣ ಜೇಬಿನವನು ದೊಡ್ಡ ಜೇಬಿಗೆ ಏರಬೇಕೆಂದರೆ ಸಾಲದ ಏಣಿಯೇ ಬೇಕಾಗುತ್ತದೆ.

"ಉಳಿದದ್ದು ನಾನು ಹಾಕ್ತೀನಿ ಬಿಡು" ಎಂದು ತೋಟದವನು ಹೇಳಬಹುದು. ಹೇಳುವುದು ದೊಡ್ಡ ಮನಸ್ಸೇ. ಆಗ ಅಂಗಡಿಯವನು ಕೇಳಬೇಕಾದದ್ದು ಒಂದೇ: ಇದು ಕಾಣಿಕೆಯೋ, ಕೈಗಡವೋ? ಕಾಣಿಕೆಯಾದರೆ ಮುಂದೆಂದೂ ಅದರ ಮಾತು ಎತ್ತಬಾರದು. ಕೈಗಡವಾದರೆ ಮೊತ್ತ, ತೀರಿಸುವ ತಿಂಗಳು ಎರಡನ್ನೂ ಬರೆದಿಡಬೇಕು. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಪವಿತ್ರ ಕುರ್‌ಆನ್‌ನ ಅಲ್ ಬಕರಃ ಅಧ್ಯಾಯದ 282ನೇ ವಚನ ಎಷ್ಟು ವಿವರವಾಗಿ ಹೇಳುತ್ತದೆಂದರೆ, ಇಡೀ ಗ್ರಂಥದಲ್ಲೇ ಅದು ಅತ್ಯಂತ ದೀರ್ಘ ವಚನ. ಬರೆಯುವುದೆಂದರೆ ನಂಬಿಕೆ ಇಲ್ಲವೆಂದಲ್ಲ. ನಂಬಿಕೆ ಉಳಿಯಲಿ ಎಂದೇ ಬರೆಯುವುದು.

ಯಾವಾಗ ಹೋಗಬೇಕು?

ದುಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಸಮುದ್ರದ ತೇವ ಬೇರೆ. ಆಗ ಹೋಟೆಲ್ ಅಗ್ಗ, ಆದರೆ ಹಗಲು ಹೊರಗೆ ಕಾಲಿಡಲಾಗದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತ, ದರ ಏರು. ಅದರಲ್ಲೂ ಡಿಸೆಂಬರ್ ಕೊನೆಯ ವಾರ ಎಲ್ಲಕ್ಕಿಂತ ದುಬಾರಿ. ನವೆಂಬರ್‌ನ ಮೊದಲ ಭಾಗ ಅಥವಾ ಫೆಬ್ರುವರಿ ಮಧ್ಯಮ ದಾರಿ.

ನಿಮ್ಮ ಊರಿನ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಬೇಸಿಗೆ ಹತ್ತಿರ ಬಂದಂತೆ ಲಿಂಬೆಯ ತೋಟಕ್ಕೆ ನೀರು ಹೊಂದಿಸುವುದೇ ಒಂದು ಕೆಲಸ, ಬೆಲೆ ಬಂದಾಗ ಮಾರುವುದು ಇನ್ನೊಂದು. ರಿಪೇರಿ ಅಂಗಡಿಗೂ ಪಂಪ್‌ಸೆಟ್ ಓಡುವ ಕಾಲವೇ ಸುಗ್ಗಿ. ಹಾಗಾಗಿ ಈ ಇಬ್ಬರಿಗೆ ನವೆಂಬರ್ ಸರಿ ಹೋಗಬಹುದು. ರಂಝಾನ್, ಮಕ್ಕಳ ಪರೀಕ್ಷೆ, ಮನೆಯ ಮದುವೆ ಇವನ್ನೂ ನೋಡಿಯೇ ದಿನ ಗೊತ್ತುಮಾಡಿ. ಗಳಿಕೆಯ ತಿಂಗಳಲ್ಲಿ ಅಂಗಡಿ ಮುಚ್ಚಿ ಹೋದರೆ ಆ ನಷ್ಟವೂ ಪ್ರವಾಸದ ಖರ್ಚೇ.

ಹೆಸರು ಸರಿ ಇದೆಯೇ?

ಪಾಸ್‌ಪೋರ್ಟಿಗಾಗಿ ಹಿಂದಿನಂತೆ ದೂರದ ಊರಿಗೆ ಓಡಬೇಕಿಲ್ಲ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ದಿನ ಗೊತ್ತುಮಾಡಿಕೊಂಡು, ವಿಜಯಪುರದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬಹುದು. ವಯಸ್ಕರಿಗೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕ. ತತ್ಕಾಲ್ ಬೇಕೆಂದರೆ ಅದರ ಮೇಲೆ 2,000. ಆರು ತಿಂಗಳು ಮೊದಲೇ ಯೋಜನೆ ಹಾಕಿದವರಿಗೆ ತತ್ಕಾಲ್ ಬೇಕಾಗುವುದಿಲ್ಲ. ಈಗಾಗಲೇ ಪಾಸ್‌ಪೋರ್ಟ್ ಇದ್ದರೆ, ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿದೆಯೇ ನೋಡಿ.

ನಮ್ಮ ಭಾಗದಲ್ಲಿ ಹೆಚ್ಚು ಜನರನ್ನು ಕಾಡುವುದು ಹೆಸರು. ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು, ಪಾನ್ ಕಾರ್ಡಿನಲ್ಲಿ ಮತ್ತೊಂದು. 'ಸಾಬ' ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಅಡ್ಡಹೆಸರಿನ ಜಾಗ ಖಾಲಿ. ಇದು ಸಣ್ಣ ವಿಷಯವಲ್ಲ. ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಪದದ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿದ್ದರೆ ಆಗಬಹುದೆಂದು ಬಳಿಕ ಸಡಿಲಿಕೆ ಬಂತು. ಆದರೂ ಹೊಸದಾಗಿ ಅರ್ಜಿ ಹಾಕುವವರು ಹೆಸರು, ಅಡ್ಡಹೆಸರು ಎರಡನ್ನೂ ತುಂಬುವುದೇ ಕ್ಷೇಮ. ಎಲ್ಲ ದಾಖಲೆಗಳಲ್ಲೂ ಒಂದೇ ಕಾಗುಣಿತ ಮಾಡಿಸಿಕೊಂಡ ಮೇಲೆ ಟಿಕೆಟಿನ ಮಾತು.

ಹತ್ತನೇ ತರಗತಿ ಪಾಸಾದವರು ಅರ್ಜಿಯ ಜೊತೆ ಆ ಪ್ರಮಾಣಪತ್ರ ಕೊಡಲು ಮರೆಯಬಾರದು. ಅದಿಲ್ಲದಿದ್ದರೆ ಪಾಸ್‌ಪೋರ್ಟ್ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಆ ವರ್ಗದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕು. ಪ್ರವಾಸಕ್ಕೆ ಹೋಗಲು ಅಡ್ಡಿ ಇಲ್ಲದಿದ್ದರೂ ವಿಮಾನ ನಿಲ್ದಾಣದಲ್ಲಿ ಹೆಚ್ಚು ಪ್ರಶ್ನೆಗಳು ಬರಬಹುದು. ಪಾಸಾಗದವರು 50 ವರ್ಷ ದಾಟಿದ್ದರೆ, ಅಥವಾ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಆ ದಾಖಲೆಯ ಮೇಲೂ ವಿನಾಯಿತಿ ಇದೆ.

ವೀಸಾಕ್ಕೆ ಹೋಗಿ ಬರುವ ಟಿಕೆಟ್, ಉಳಿಯುವ ಜಾಗದ ವಿವರ ಕೇಳುತ್ತಾರೆ. 2024ರ ಕೊನೆಯಿಂದ ಇದರ ತಪಾಸಣೆ ಬಿಗಿಯಾಗಿದೆ. ಸಂಬಂಧಿಕರ ಮನೆಯಲ್ಲಿ ಉಳಿಯುವುದಾದರೆ ಅವರ ನಿವಾಸ ದಾಖಲೆಯ ಪ್ರತಿ ಮೊದಲೇ ತರಿಸಿಕೊಳ್ಳಿ. "ವಿಸಿಟ್ ವೀಸಾದಾಗ ಹೋಗ್ರಿ, ಅಲ್ಲೇ ಕೆಲಸ ಹಚ್ಚಿಕೊಡ್ತೀನಿ" ಎನ್ನುವ ಏಜೆಂಟರು ನಿಮ್ಮ ಮುಂದೆ ಬಂದರೆ ಎದ್ದು ಬನ್ನಿ. ಆ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ.

ಮಾದರಿ ಲೆಕ್ಕ

ಮೊದಲು ನಾಣ್ಯದ ಮಾತು. ದಿರ್ಹಮ್‌ನ ಬೆಲೆ 1997ರಿಂದ ಅಮೆರಿಕದ ಡಾಲರಿಗೆ ಕಟ್ಟಿದ್ದು: ಒಂದು ಡಾಲರ್‌ಗೆ 3.6725 ದಿರ್ಹಮ್. ಏರಿಳಿಯುವುದು ನಮ್ಮ ರೂಪಾಯಿ. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿದಾಗ ಒಂದು ದಿರ್ಹಮ್ 24 ರೂಪಾಯಿ 50 ಪೈಸೆಯಷ್ಟಾಯಿತು. ಲೆಕ್ಕ ಹಾಕುವಾಗ ಅಂದಿನ ದರಕ್ಕಿಂತ ಒಂದೂವರೆ ರೂಪಾಯಿ ಹೆಚ್ಚೇ ಹಿಡಿಯಿರಿ. ಇಲ್ಲಿ 26 ಎಂದು ಹಿಡಿದಿದ್ದೇವೆ.

ಕೆಳಗಿನದು ದರಪಟ್ಟಿಯಲ್ಲ. ಇಬ್ಬರು ಒಂದು ಕೋಣೆ ಹಂಚಿಕೊಂಡು ಆರು ರಾತ್ರಿ, ಏಳು ಹಗಲು ಇದ್ದರೆ ತಲೆಗೆ ಎಷ್ಟು ಬೀಳಬಹುದೆಂದು ತಿಳಿಯುವ ಮಾದರಿ. ನಿಮಗೆ ಸಿಕ್ಕ ದರಗಳನ್ನು ಇದರಲ್ಲಿ ತುಂಬಿಕೊಳ್ಳಿ.

ಇಂಡಿಯಿಂದ ಮುಂಬೈಗೆ ಹೋಗಿ ಬರುವುದು, ದಾರಿ ಖರ್ಚು: 3,000 ರೂ.
ವಿಮಾನ, ಹೋಗಿ ಬರಲು: 24,000 ರೂ.
ವೀಸಾ ಮತ್ತು ಪ್ರಯಾಣ ವಿಮೆ: 9,000 ರೂ.
ಕೋಣೆ, ರಾತ್ರಿಗೆ 200 ದಿರ್ಹಮ್‌ನಂತೆ ಅದರ ಅರ್ಧ: 15,600 ರೂ.
ಊಟ, ದಿನಕ್ಕೆ 45 ದಿರ್ಹಮ್: 8,190 ರೂ.
ಊರೊಳಗಿನ ಓಡಾಟ, ದಿನಕ್ಕೆ 20 ದಿರ್ಹಮ್: 3,640 ರೂ.
ನೋಡುವ ಸ್ಥಳಗಳು, 250 ದಿರ್ಹಮ್: 6,500 ರೂ.
ಫೋನ್: 1,500 ರೂ.

ಕೂಡಿಸಿದರೆ 71,430 ರೂಪಾಯಿ. ಇದರ ಮೇಲೆ ಶೇ. 15ರಂತೆ ಸುಮಾರು 10,700 ರೂಪಾಯಿ ಆಪತ್ತಿಗೆಂದು ಬೇರೆ ಇಡಬೇಕು. ಒಟ್ಟು 82,130. ಅಂಗಡಿಯವನು ತಿಂಗಳಿಗೆ 4,600 ರೂಪಾಯಿ ಎತ್ತಿಟ್ಟರೆ 18 ತಿಂಗಳಲ್ಲಿ ಇಷ್ಟು ಕೂಡುತ್ತದೆ. ಇಬ್ಬರೂ ಅದೇ ತಿಂಗಳಿನಿಂದ, ಅಷ್ಟೇ ಮೊತ್ತವನ್ನು, ತಮ್ಮ ತಮ್ಮ ಪ್ರತ್ಯೇಕ ಖಾತೆಯಲ್ಲಿ ಹಾಕುತ್ತ ಬರುವುದು ಒಳ್ಳೆಯದು. ಒಂದೂವರೆ ವರ್ಷ ಒಬ್ಬರನ್ನೊಬ್ಬರು ನೆನಪಿಸುತ್ತ ಉಳಿಸಿದವರಿಗೆ ಪ್ರವಾಸದಲ್ಲಿ ಜಗಳವಾಡುವ ಮನಸ್ಸೇ ಬರುವುದಿಲ್ಲ. ನಡುವೆ ಉಳಿತಾಯ ನಿಂತುಹೋದರೆ ಅದೂ ಒಂದು ಉತ್ತರವೇ. ಆ ಪ್ರವಾಸದ ಕಾಲ ಇನ್ನೂ ಬಂದಿಲ್ಲ ಎಂದು ತಿಳಿಯಿರಿ.

ಈ ಪಟ್ಟಿಯಲ್ಲಿ ಕಾಣದ ಖರ್ಚುಗಳೂ ಇವೆ. ದುಬೈ ಹೋಟೆಲುಗಳಲ್ಲಿ 'ಟೂರಿಸಂ ದಿರ್ಹಮ್' ಎಂದು ಕೋಣೆಗೆ, ರಾತ್ರಿಗೆ ಇಷ್ಟೆಂದು ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಹೋಟೆಲಿನ ದರ್ಜೆಯ ಮೇಲೆ ಅದು 7ರಿಂದ 20 ದಿರ್ಹಮ್. ಅಗ್ಗದ ವಿಮಾನ ಟಿಕೆಟಿನಲ್ಲಿ ಲಗೇಜಿಗೆ ಬೇರೆ ಹಣವಿರಬಹುದು. ಏಜೆಂಟರಿಂದ ಇಡೀ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆಯನ್ನು ಮುಂಗಡವಾಗಿ ಹಿಡಿಯುತ್ತಾರೆ. 2023ರ ಅಕ್ಟೋಬರ್‌ನಿಂದ ಅದು 7 ಲಕ್ಷದವರೆಗೆ ಶೇ. 5, ಅದರಾಚೆ ಶೇ. 20 ಇತ್ತು. ಆಮೇಲಿನ ಬಜೆಟ್‌ಗಳಲ್ಲಿ ಈ ನಿಯಮಗಳು ಬದಲಾಗಿವೆ. ನೀವು ಕೊಳ್ಳುವ ದಿನದ ದರ ಕೇಳಿ, ರಸೀದಿಯಲ್ಲಿ ನಿಮ್ಮ ಪಾನ್ ಸಂಖ್ಯೆಯೊಂದಿಗೆ ಬರೆಸಿ. ಇದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆ ವಿವರ ಸಲ್ಲಿಸಿದಾಗ ತೆರಿಗೆಗೆ ವಜಾ ಆಗುತ್ತದೆ, ಇಲ್ಲವೇ ಮರಳಿ ಬರುತ್ತದೆ. ಆದರೆ ಹೊರಡುವ ದಿನ ಆ ಹಣ ಕೈಯಲ್ಲಿರಬೇಕಲ್ಲ.

ರೊಕ್ಕ ಒಯ್ಯುವ ಬಗೆ

ದಿರ್ಹಮ್ ನೋಟುಗಳನ್ನು ಅಧಿಕೃತ ವಿನಿಮಯ ಅಂಗಡಿ ಅಥವಾ ಬ್ಯಾಂಕಿನಲ್ಲೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. 50,000 ರೂಪಾಯಿಗಿಂತ ಹೆಚ್ಚಿನದಾದರೆ ನಗದು ಕೊಟ್ಟು ಕೊಳ್ಳುವಂತಿಲ್ಲ, ಖಾತೆಯಿಂದಲೇ ಕಟ್ಟಬೇಕು. ಎರಡು ಮೂರು ಕಡೆ ದರ ಕೇಳಿ. ವಿಮಾನ ನಿಲ್ದಾಣದೊಳಗಿನ ದರ ಸಾಮಾನ್ಯವಾಗಿ ನಿಮಗೆ ನಷ್ಟದ್ದೇ.

ನಮ್ಮ ಬ್ಯಾಂಕಿನ ಕಾರ್ಡನ್ನು ಅಲ್ಲಿ ಉಜ್ಜಿದರೆ ಸಾಮಾನ್ಯವಾಗಿ ಶೇ. 2ರಿಂದ 3.5ರವರೆಗೆ ಹೆಚ್ಚುವರಿ ಶುಲ್ಕ ಬೀಳುತ್ತದೆ, ಅದರ ಮೇಲೆ ಜಿಎಸ್‌ಟಿ. ಮೊದಲೇ ದಿರ್ಹಮ್ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿ ಈ ಕಾಟ ಕಡಿಮೆ. ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕಟ್ಟುತ್ತೀರಾ, ದಿರ್ಹಮ್‌ನಲ್ಲಾ?' ಎಂದು ಕೇಳಿದರೆ ದಿರ್ಹಮ್ ಎನ್ನಿ. ರೂಪಾಯಿ ಒತ್ತಿದರೆ ದರವನ್ನು ಅವರೇ ಗೊತ್ತುಮಾಡುತ್ತಾರೆ, ನಿಮ್ಮ ಜೇಬು ಹಗುರಾಗುತ್ತದೆ. ಇಬ್ಬರ ಹಣವೂ ಒಂದೇ ಕಾರ್ಡಿನಲ್ಲಿ, ಒಂದೇ ಚೀಲದಲ್ಲಿ ಬೇಡ. ಒಂದು ಕಳೆದರೆ ಇನ್ನೊಂದು ಇಬ್ಬರನ್ನೂ ಮನೆಗೆ ಮುಟ್ಟಿಸುವಂತಿರಲಿ.

ಮೂರು ಚೀಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಜೊತೆ ಪ್ರಯಾಣದ ಹಣವನ್ನು ಮೂರು ಚೀಲಗಳಾಗಿ ಮಾಡಿ.

ಮೊದಲನೆಯದು ಕೂಡು ಚೀಲ. ಕೋಣೆ, ಟ್ಯಾಕ್ಸಿ, ಇಬ್ಬರೂ ಕೂಡಿ ಮಾಡುವ ಊಟ, ನೀರು ಇವೆಲ್ಲ ಇದರಿಂದ. ಬೆಳಗ್ಗೆ ಇಬ್ಬರೂ ಸಮನಾಗಿ ಹಾಕಬೇಕು. ಒಬ್ಬರೇ ಇದನ್ನು ಹಿಡಿಯಬೇಕು. ಪ್ರಯಾಣದಲ್ಲಿ ಮೂವರಿದ್ದರೆ ಒಬ್ಬರನ್ನು ನಾಯಕನನ್ನಾಗಿ ಮಾಡಿಕೊಳ್ಳಿ ಎಂಬ ಪ್ರವಾದಿ(ಸ)ಯವರ ಬೋಧನೆ ನಿಮಗೆ ಗೊತ್ತು. ಇಬ್ಬರಿದ್ದಾಗಲೂ ಹಣಕ್ಕೊಬ್ಬ, ದಾರಿಗೊಬ್ಬ ಎಂದು ಹಂಚಿಕೊಂಡರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಚೀಲ ಹಿಡಿದವನಿಗೆ ಅದು ಅಮಾನತ್ತು. ಹತ್ತು ದಿರ್ಹಮ್‌ನ ಚಹಾ ಬಿಸ್ಕತ್ತೂ ಪುಸ್ತಕದಲ್ಲಿ ಬರಬೇಕು.

ಎರಡನೆಯದು ಸ್ವಂತ ಚೀಲ. ಮನೆಯವರಿಗೆ ಉಡುಗೊರೆ, ಒಬ್ಬರಿಗೇ ಇಷ್ಟವಾದ ತಿಂಡಿ, ಒಬ್ಬರೇ ನೋಡಬಯಸುವ ಜಾಗ ಇವು ಇದರಿಂದ. ಬುರ್ಜ್ ಖಲೀಫಾದ ಮೇಲಕ್ಕೆ ಹೋಗಲು ತೋಟದವನಿಗೆ ಆಸೆ ಎಂದುಕೊಳ್ಳಿ. 828 ಮೀಟರ್ ಎತ್ತರದ ಆ ಕಟ್ಟಡದ ವೀಕ್ಷಣಾ ಮಹಡಿಯ ಟಿಕೆಟ್ ಒಂದೇ ಮೂರು ನಾಲ್ಕು ದಿನದ ಊಟದ ಹಣ ನುಂಗುತ್ತದೆ. ಅವನು ಸ್ವಂತ ಚೀಲದಿಂದ ಕೊಟ್ಟು ಹತ್ತಲಿ. ಅಂಗಡಿಯವನು ಕೆಳಗೆ ಕಾರಂಜಿ ನೋಡುತ್ತ ಕೂತಿರಲಿ. ಅದಕ್ಕೆ ದುಡ್ಡಿಲ್ಲ. ಬೇರೆಯಾಗಿ ಕಳೆದ ಎರಡು ತಾಸು ಸ್ನೇಹವನ್ನು ಕೆಡಿಸುವುದಿಲ್ಲ. "ನಿನ್ನ ಸಲುವಾಗಿ ನಾನೂ ಹತ್ತಿದೆ" ಎಂಬ ಅಸಮಾಧಾನ ಕೆಡಿಸುತ್ತದೆ.

ಮೂರನೆಯದು ಆಪತ್ತಿನ ಚೀಲ. ಇದನ್ನು ಇಬ್ಬರೂ ತಮ್ಮ ತಮ್ಮ ಹತ್ತಿರ ಇಟ್ಟುಕೊಳ್ಳಬೇಕು, ಊರಿಗೆ ಮರಳುವವರೆಗೆ ಮುಟ್ಟಬಾರದು. ಇದು ಉತ್ಪ್ರೇಕ್ಷೆಯ ಎಚ್ಚರಿಕೆಯಲ್ಲ. 2024ರ ಏಪ್ರಿಲ್ 16ರಂದು ದುಬೈ ಸೇರಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಬಿದ್ದ ಮಳೆ ಆ ದೇಶದ 75 ವರ್ಷಗಳ ದಾಖಲೆಯಲ್ಲೇ ಅತಿ ಹೆಚ್ಚು. ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿ ಸಾವಿರಾರು ಪ್ರಯಾಣಿಕರು ದಿನಗಟ್ಟಲೆ ಸಿಕ್ಕಿಬಿದ್ದರು. 2025ರ ಜೂನ್‌ನಲ್ಲಿ ಇರಾನ್, ಇಸ್ರೇಲ್ ಸಂಘರ್ಷದ ವೇಳೆ ಕೊಲ್ಲಿಯ ಆಕಾಶಮಾರ್ಗವನ್ನೇ ಕೆಲಹೊತ್ತು ಮುಚ್ಚಿದಾಗ ಅನೇಕ ವಿಮಾನಗಳು ರದ್ದಾದವು. ಟಿಕೆಟ್ ಕೊಳ್ಳುವ ಮುನ್ನವೂ, ಹೊರಡುವ ವಾರವೂ ಆ ಭಾಗದ ಸುದ್ದಿ ಮತ್ತು ವಿದೇಶಾಂಗ ಸಚಿವಾಲಯದ ಸೂಚನೆ ನೋಡಿಕೊಳ್ಳಿ. ಎರಡು ರಾತ್ರಿ ಹೆಚ್ಚು ಉಳಿಯಬೇಕಾದರೆ ಆಗುವ ಖರ್ಚು ನಿಮ್ಮ ಹತ್ತಿರ ಇರಲೇಬೇಕು.

ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಕೂತು ಅಂದಿನ ಲೆಕ್ಕ ಮುಗಿಸಿ. ನಾಳೆಗೆ ಉಳಿಸಿದ ಲೆಕ್ಕ ಮನಸ್ಸಿನಲ್ಲಿ ಬೆಳೆಯುತ್ತದೆ.

ಬುತ್ತಿ ಗಂಟು

ಪರದೇಶದಲ್ಲೂ ನಮ್ಮ ಬುತ್ತಿಯ ಬುದ್ಧಿ ಕೆಲಸ ಮಾಡುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಂದು ವಾರ ಕೆಡುವುದಿಲ್ಲ. ದಿನಕ್ಕೆ ಒಂದು ಹೊತ್ತು ಕೋಣೆಯಲ್ಲೇ ಆದರೆ ಊಟದ ಖರ್ಚು ಎಷ್ಟೋ ಇಳಿಯುತ್ತದೆ. ಒಬ್ಬ ಸಸ್ಯಾಹಾರಿ, ಇನ್ನೊಬ್ಬ ಮಾಂಸಾಹಾರಿ ಆಗಿದ್ದರೂ ಕಷ್ಟವಿಲ್ಲ. ದೇರಾ, ಬರ್ ದುಬೈ ಭಾಗಗಳಲ್ಲಿ ಭಾರತೀಯರ ಖಾನಾವಳಿಗಳು ಬೇಕಾದಷ್ಟಿವೆ, ಎರಡೂ ಸಿಗುತ್ತವೆ. ತನ್ನ ಊಟ ಗೆಳೆಯನ ಊಟಕ್ಕಿಂತ ದುಬಾರಿಯಾದ ದಿನ ಆ ವ್ಯತ್ಯಾಸವನ್ನು ಸ್ವಂತ ಚೀಲದಿಂದ ಕೊಡಿ.

ಆದರೆ ಗಂಟು ಕಟ್ಟುವ ಮನೆಯವರು ಒಂದು ಮಾತು ನೆನಪಿಡಬೇಕು. ಗಸಗಸೆ ಆ ದೇಶದಲ್ಲಿ ನಿಷಿದ್ಧ, ಮಾದಕ ವಸ್ತುವಿನ ಸಾಲಿನಲ್ಲಿದೆ. ಮಸಾಲೆ ಪುಡಿಯಲ್ಲಿ, ಉಂಡಿಯಲ್ಲಿ ಒಂದು ಚಿಟಿಕೆಯೂ ಇರಬಾರದು. ಎಲೆ ಅಡಿಕೆ, ಗುಟ್ಕಾ ಬೇಡವೇ ಬೇಡ. ನೋವಿನ, ಕೆಮ್ಮಿನ, ನಿದ್ರೆಯ ಕೆಲವು ಔಷಧಿಗಳಿಗೂ ಅಲ್ಲಿ ಕಟ್ಟುನಿಟ್ಟಾದ ನಿಯಂತ್ರಣವಿದೆ. ನಿತ್ಯ ಔಷಧಿ ನುಂಗುವವರು ವೈದ್ಯರ ಚೀಟಿ ಇಟ್ಟುಕೊಂಡು, ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಬೇರೆಯವರು "ಇದನ್ನ ನಮ್ಮ ಹುಡುಗಗ ಮುಟ್ಟಸ್ರಿ" ಎಂದು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ಬಿಚ್ಚಲು ಸಂಕೋಚವಾದರೆ ಒಯ್ಯಲು ಒಪ್ಪಲೇಬೇಡಿ.

ಅಲ್ಲಿ ಹೋಗಿ ನೋಡುವುದೇನು?

ಇಂಡಿ ರೋಡ್ ನಿಲ್ದಾಣದಿಂದಲೋ ಸೊಲ್ಲಾಪುರದಿಂದಲೋ ಮುಂಬೈ ಸೇರುವುದಕ್ಕೆ ಒಂದು ರಾತ್ರಿ ಬೇಕು. ಮುಂಬೈಯಿಂದ ದುಬೈಗೆ ಸುಮಾರು ಮೂರು ತಾಸು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ.

ಕಡಿಮೆ ಖರ್ಚಿನಲ್ಲಿ ನೋಡುವಂಥದ್ದು ಅಲ್ಲಿ ಸಾಕಷ್ಟಿದೆ. ಊರಿನ ನಡುವೆ ಚಾಚಿದ ಕಡಲ ಕೊಲ್ಲಿಯನ್ನು 'ಅಬ್ರಾ' ಎಂಬ ದೋಣಿಯಲ್ಲಿ ಒಂದು ದಿರ್ಹಮ್‌ಗೆ ದಾಟಬಹುದು. ಈ ದಡದ ಅಲ್ ಫಹೀದಿಯಲ್ಲಿ ಗಾಳಿಗೋಪುರಗಳಿರುವ ಹಳೆಯ ಮನೆಗಳು, ಆ ದಡದ ದೇರಾದಲ್ಲಿ ಮಸಾಲೆ ಪೇಟೆ, ಚಿನ್ನದ ಪೇಟೆ. 2009ರಲ್ಲಿ ಶುರುವಾದ ಮೆಟ್ರೋದಲ್ಲಿ 'ನೋಲ್' ಕಾರ್ಡ್ ಹಿಡಿದು ಊರೆಲ್ಲ ತಿರುಗಬಹುದು. ಒಳಗೆ ಕೂತು ಶೇಂಗಾ ತಿಂದರೆ ಮಾತ್ರ 100 ದಿರ್ಹಮ್ ದಂಡ!

ಒಂದು ದಿನ ಬಸ್ಸಿನಲ್ಲಿ ಅಬುಧಾಬಿಗೆ ಹೋಗಿ ಬನ್ನಿ. 2007ರಲ್ಲಿ ತೆರೆದ ಶೇಖ್ ಝಾಯೆದ್ ಮಸೀದಿಗೆ ಎಲ್ಲ ಧರ್ಮದವರಿಗೂ ಉಚಿತ ಪ್ರವೇಶವಿದೆ, ಮೊದಲೇ ಹೆಸರು ನೋಂದಾಯಿಸಿರಬೇಕು. ಅದೇ ಸಂಸ್ಥಾನದಲ್ಲಿ 2024ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ದೊಡ್ಡ ಕಲ್ಲಿನ ಹಿಂದೂ ಮಂದಿರವೂ ಇದೆ. ನಮ್ಮ ಉದಾಹರಣೆಯ ಇಬ್ಬರು ಗೆಳೆಯರು ಒಬ್ಬರಿಗೊಬ್ಬರು ಮಾರ್ಗದರ್ಶಕರಾಗಲು ಇದಕ್ಕಿಂತ ಒಳ್ಳೆಯ ದಿನ ಸಿಗದು.

ಇಂಡಿಯವರು ತಪ್ಪದೆ ನೋಡಬೇಕಾದ ಇನ್ನೊಂದು ಜಾಗ ಪ್ರವಾಸಿಗರ ಪಟ್ಟಿಯಲ್ಲಿ ಇರುವುದಿಲ್ಲ. ಅದು ಅಲ್ ಅವೀರ್‌ನ ಹಣ್ಣು ತರಕಾರಿಯ ಸಗಟು ಮಾರುಕಟ್ಟೆ. ಬೆಳಗ್ಗೆ ಬೇಗ ಹೋಗಿ. ಹತ್ತಾರು ದೇಶಗಳ ಹಣ್ಣು ಅಲ್ಲಿ ಬಂದಿಳಿಯುತ್ತದೆ. ನಮ್ಮ ಲಿಂಬೆ ಕಂಡೀತು, ಕಾಣದೆಯೂ ಇದ್ದೀತು. ಆದರೆ ಯಾವ ಗಾತ್ರದ ಕಾಯಿಗೆ ಬೆಲೆ, ಯಾವ ಪೆಟ್ಟಿಗೆಯಲ್ಲಿ ತುಂಬುತ್ತಾರೆ, ಕಲೆಯಿದ್ದ ಕಾಯಿಯನ್ನು ಹೇಗೆ ಬೇರೆ ಮಾಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ರೈತ ಊರಿಗೆ ಬಂದು ತನ್ನ ತೋಟವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. ಪ್ರವಾಸದ ಖರ್ಚಿನಲ್ಲಿ ಮರಳಿ ಬರುವ ಪಾಲೆಂದರೆ ಇದೇ.

ಚಿನ್ನದ ಪೇಟೆಯಲ್ಲಿ ಮಾತ್ರ ಎಚ್ಚರ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪರದೇಶದಲ್ಲಿದ್ದು ಬರುವವರಿಗೆ ಇರುವ ಒಡವೆಯ ಸುಂಕ ರಿಯಾಯಿತಿ ಒಂದು ವಾರದ ಪ್ರವಾಸಿಗೆ ಸಿಗುವುದಿಲ್ಲ. "ನನ್ನ ಪಾಲಿನದು ನೀನು ತಗೊಂಡು ಬಾ" ಎಂದು ಗೆಳೆಯನ ಮೈಮೇಲೆ ಚಿನ್ನ ಹೇರುವುದು ಅವನನ್ನು ಕಸ್ಟಮ್ಸ್ ಮೇಜಿನ ಮುಂದೆ ನಿಲ್ಲಿಸಿದಂತೆ.

ಮನೆಯವರ ಲೆಕ್ಕ

ಹೊರಡುವವರು ಇಬ್ಬರಾದರೂ ಖರ್ಚು ಹೊರುವವು ಎರಡು ಮನೆಗಳು. ಲೆಕ್ಕ ಹಾಕುವ ದಿನ ಮನೆಯೊಡತಿಯೂ ಜೊತೆಗೆ ಕೂರಲಿ. ನೀವಿಲ್ಲದ ವಾರದ ಮನೆ ಖರ್ಚು, ಮಕ್ಕಳ ಫೀ, ತಂದೆ ತಾಯಿಯ ಔಷಧಿ ಇವನ್ನು ಎತ್ತಿಟ್ಟ ಮೇಲೆ ಉಳಿದದ್ದೇ ಪ್ರವಾಸದ ಹಣ. ಕೊಡಬೇಕಾದ ಬಾಕಿ ಇದ್ದರೆ ಅದು ಮೊದಲು. ಊರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ಇಟ್ಟು ಬುರ್ಜ್ ಖಲೀಫಾದ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಆ ಫೋಟೋ ಊರಲ್ಲಿ ಏನು ಮಾತಾಡುತ್ತದೆ ಎಂದು ನೀವೇ ಊಹಿಸಿ. ಪಾಸ್‌ಪೋರ್ಟ್, ಟಿಕೆಟ್, ವಿಮೆಯ ಪ್ರತಿಗಳನ್ನು ಎರಡೂ ಮನೆಗಳಲ್ಲಿ ಇಟ್ಟುಹೋಗಿ. ಗೆಳೆಯನ ಮನೆಯ ಫೋನ್ ಸಂಖ್ಯೆ ನಿಮ್ಮ ಮನೆಯವರ ಹತ್ತಿರ ಇರಲಿ.

ಇಬ್ಬರು ಗೆಳತಿಯರು, ಇಬ್ಬರು ಶಿಕ್ಷಕಿಯರು ಹೋಗುವುದಾದರೂ ಲೆಕ್ಕ ಇದೇ. ನೆರೆಹೊರೆಯ ಎರಡು ಕುಟುಂಬಗಳು ಕೂಡಿ ಹೋದರೂ ಇದೇ. ತಲೆಗಳು ಹೆಚ್ಚಾದಂತೆ ಚೀಲದ ಲೆಕ್ಕ ಇನ್ನಷ್ಟು ಚೊಕ್ಕವಾಗಿರಬೇಕು ಅಷ್ಟೇ.

ಊರಿಗೆ ಮರಳಿದ ಮೇಲೆ ಒಂದು ಕೊನೆಯ ಕೆಲಸವಿದೆ. ಒಂದು ವಾರದೊಳಗೆ ಇಬ್ಬರೂ ಪುಸ್ತಕ ಬಿಚ್ಚಿ ಕೂಡು ಚೀಲದ ಲೆಕ್ಕ ಚುಕ್ತಾ ಮಾಡಿ. ಕೊಡುವುದಿದ್ದರೆ ಕೊಟ್ಟು, ಬಿಡುವುದಿದ್ದರೆ ಬಾಯಿಬಿಟ್ಟು "ಬಿಟ್ಟೀನಿ" ಎಂದು ಹೇಳಿ. ಪುಟದ ಕೆಳಗೆ ಇಬ್ಬರೂ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಆ ಪುಸ್ತಕವನ್ನು ಹರಿದೊಗೆಯಬೇಡಿ. ಮುಂದಿನ ಪ್ರವಾಸಕ್ಕೆ ಅದಕ್ಕಿಂತ ನಂಬಿಕೆಯ ದರಪಟ್ಟಿ ಯಾವ ಏಜೆಂಟರ ಹತ್ತಿರವೂ ಸಿಗುವುದಿಲ್ಲ.

ಆದ್ದರಿಂದ ಗೆಳೆಯ "ನಡಿ ಹೋಗೂಣು" ಎಂದ ದಿನ ಟಿಕೆಟಿನ ದರ ನೋಡಲು ಅವಸರ ಮಾಡಬೇಡಿ. ಒಂದು ನೂರು ಪುಟದ ನೋಟುಬುಕ್ಕು ಕೊಂಡು ತನ್ನಿ. ಮೊದಲ ಪುಟದಲ್ಲಿ ಇಬ್ಬರ ಹೆಸರು ಬರೆದು, ಅದರ ಕೆಳಗೆ ಸಣ್ಣ ಜೇಬಿನ ಅಂಕಿ ಬರೆಯಿರಿ. ಅಷ್ಟನ್ನು ಮುಖ ನೋಡಿ ಹೇಳಿಕೊಳ್ಳಲು ಸಾಧ್ಯವಾದ ಇಬ್ಬರು ಗೆಳೆಯರು ದುಬೈಗೇನು, ಇನ್‌ಶಾ ಅಲ್ಲಾಹ್, ಎಷ್ಟು ದೂರವಾದರೂ ಹೋಗಿ ಬಂದಾರು.